ಕೊನೆಯ ಪುಟದ ಪ್ರಜಾಪ್ರಭುತ್ವ

ಕನ್ನಡದಲ್ಲಿ ಪುಸ್ತಕ ಬರೆಯುವವರಿಗೆ ಬರವಿಲ್ಲ, ಅಚ್ಚು ಹಾಕಿಸುವವರಿಗೂ ಬರವಿಲ್ಲ. ಅಚ್ಚಾದದ್ದನ್ನು ಇಟ್ಟುಕೊಳ್ಳಲು ಎತ್ತರದ ಮಂಚ ಇರುವ ನೆಂಟರಿಗೆ ಮಾತ್ರ ಬರ. ನಮ್ಮ ಮನೆಯಲ್ಲಿ ಮಾವನವರ ಕಾಲದ ತೇಗದ ಮಂಚವಿದೆ. ಹಾಗಾಗಿ ನನ್ನ ಷಡ್ಡಕರು ಬರೆದ ರಾಜಕೀಯ ಪುಸ್ತಕದ ಕಟ್ಟುಗಳು ಪ್ರೆಸ್ಸಿನಿಂದ ನೇರವಾಗಿ ಅದರಡಿಗೆ ಬಂದು ಸೇರಿದವು. "ನಾಲ್ಕು ದಿನದ ಮಟ್ಟಿಗೆ" ಎಂದಿದ್ದರು. ರಾಜಕೀಯದವರ ಸಹವಾಸದಲ್ಲಿ ಬರೆದ ಪುಸ್ತಕ; ಮಾತೂ ಅದೇ ಧಾಟಿಗೆ ಬಂದಿತ್ತು.

ಷಡ್ಡಕರು ಎಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಮದ್ದೂರಿನ ಕಡೆಯವರು, ರಾಜ್ಯಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು, ಆದ್ದರಿಂದ ಮನೆಯೊಳಗೂ ಹೊರಗೂ ಎಲ್ಲರಿಗೂ ಮೇಷ್ಟ್ರು. ಬದುಕಿಡೀ ಸಂವಿಧಾನ ಪಾಠ ಮಾಡಿದವರಿಗೆ ನಿವೃತ್ತಿಯ ಮೇಲೂ ಕೇಳುವ ಕಿವಿ ಬೇಕಲ್ಲ. ಮೊದಲು ಅತ್ತಿಗೆ ಕೇಳಿದರು. ಆಮೇಲೆ ವಾಕಿಂಗ್ ಗೆಳೆಯರು ಕೇಳಿದರು. ಅವರಲ್ಲಿ ಇಬ್ಬರು ಪಾರ್ಕನ್ನೇ ಬದಲಾಯಿಸಿದರು. ಕೊನೆಗೆ ಉಳಿದ ದಾರಿ ಪುಸ್ತಕ. ಮತದಾರನಿಗೆ ಅವನ ಬೆಲೆ ಏನೆಂದು ತಿಳಿಸಿಕೊಡುವ ಪುಸ್ತಕ. "ಬೆಲೆ ಅವನಿಗೆ ಚೆನ್ನಾಗಿ ಗೊತ್ತಿದೆ ಮೇಷ್ಟ್ರೇ, ಪ್ರತಿ ಸಲ ಏರಿಸ್ತಾ ಇದ್ದಾನೆ" ಎಂದೆ. ಆ ಮಾತಿಗೆ ಅವರು ಕೆಲವು ದಿನ ನಮ್ಮ ಮನೆಯ ಕಾಫಿ ಬಿಟ್ಟರು.

ಪುಸ್ತಕದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮೇಲೊಂದು ಶೀರ್ಷಿಕೆ, ಅದರ ಕೆಳಗೆ ಒಂದೂವರೆ ಸಾಲಿನ ಉಪಶೀರ್ಷಿಕೆ, ಅದಕ್ಕೂ ಕೆಳಗೆ ಆವರಣದೊಳಗೆ 'ಒಂದು ಚಿಂತನೆ'. ಇಷ್ಟನ್ನೂ ಬರೆದರೆ ಸಂಪಾದಕರು ನನ್ನ ಪ್ರಬಂಧದಿಂದ ಒಂದು ಪ್ಯಾರಾ ಕತ್ತರಿಸುತ್ತಾರೆ.

ಮುಖಪುಟದ ಕಥೆ ಮಾತ್ರ ಹೇಳಲೇಬೇಕು. ಪ್ರಕಾಶಕರು ಒಬ್ಬ ಕಲಾವಿದ ಹುಡುಗನನ್ನು ಹಿಡಿದು ತಂದಿದ್ದರು. ಅವನು ಮೊದಲು ಬರೆದು ತಂದದ್ದು ಶಾಯಿ ಹಚ್ಚಿಸಿಕೊಂಡ ಮತದಾರನ ಕೈ. ಐದು ಬೆರಳೂ ಬಿಡಿಸಿ ಎತ್ತಿ ಹಿಡಿದ ಕೈ. ಪ್ರಕಾಶಕರು ನೋಡಿ, "ಸಾರ್, ಇದು ಕೈ" ಎಂದರು. ಮೇಷ್ಟ್ರು, "ಕೈಯೇ ಅಲ್ವೇನ್ರೀ, ವೋಟು ಇನ್ನೇನು ಕಾಲಲ್ಲಿ ಹಾಕ್ತಾರಾ?" ಎಂದರು. ಪ್ರಕಾಶಕರು ಇನ್ನೊಮ್ಮೆ, ಸ್ವಲ್ಪ ಒತ್ತಿ, "ಸಾರ್, ಕೈ" ಎಂದಾಗ ಮೇಷ್ಟ್ರಿಗೆ ಹೊಳೆಯಿತು. ಚುನಾವಣೆ ಎದುರಿಗಿರುವಾಗ ಕೈ ಹೊತ್ತ ಪುಸ್ತಕ ತಂದರೆ ಅದು ಕಾಂಗ್ರೆಸ್ಸಿನ ಪುಸ್ತಕ. ಹುಡುಗ ಮಾರನೆಯ ವಾರ ಪ್ರಜಾಪ್ರಭುತ್ವದ ಅರುಣೋದಯವನ್ನು ಬರೆದು ತಂದ. ಸೂರ್ಯನ ಕೆಳಗೆ ಕೆರೆ, ಕೆರೆಯ ತುಂಬ ತಾವರೆ. ಅದೂ ಹೋಯಿತು. ಮೇಷ್ಟ್ರು ತಾವೇ ಸಲಹೆ ಕೊಟ್ಟರು: "ನಮ್ಮ ಮಂಡ್ಯದ ಗದ್ದೆ ಬರೀಪ್ಪ. ಸುಗ್ಗಿ. ಹೊರೆ ಹೊತ್ಕೊಂಡು ಬರ್ತಿರೋ ಒಬ್ಬ ಹೆಣ್ಣುಮಗಳು." ಹುಡುಗ ಅದ್ಭುತವಾಗಿ ಬರೆದ. ಪ್ರಕಾಶಕರು ತಲೆಯ ಮೇಲೆ ಕೈ ಇಟ್ಟುಕೊಂಡು, "ತೆನೆ ಹೊತ್ತ ಮಹಿಳೆ ಜೆಡಿಎಸ್ಸು ಸಾರ್" ಎಂದರು. ದಸರಾ ಆನೆ ಹಾಕೋಣವೆಂದರೆ ಬಿಎಸ್‌ಪಿ, ಬೀದಿ ಗುಡಿಸುವ ಪೌರಕಾರ್ಮಿಕಳನ್ನು ಹಾಕೋಣವೆಂದರೆ ಕೈಯಲ್ಲಿ ಪೊರಕೆ, ಸೈಕಲ್ ಹೊಡೆಯುವ ಶಾಲಾ ಹುಡುಗಿಯೂ ಉತ್ತರಪ್ರದೇಶದ ಕಡೆಗೆ ಹೋಗುತ್ತಾಳೆ. ನಾಡಿನಲ್ಲಿ ಕಣ್ಣಿಗೆ ಚೆಂದ ಕಾಣುವುದೆಲ್ಲವೂ ಯಾರದೋ ಚಿಹ್ನೆಯಾಗಿ ಆಗಲೇ ಹಂಚಿಹೋಗಿದೆ.

"ಪಕ್ಷೇತರರಿಗೆ ಕೊಡೋ ಚಿಹ್ನೆ ಇದ್ದಾವಲ್ಲ" ಎಂದು ನಾನು ಬಾಯಿ ಹಾಕಿದೆ. ಪ್ರೆಷರ್ ಕುಕ್ಕರ್, ಬೆಂಡೆಕಾಯಿ, ಹಲಸಿನ ಹಣ್ಣು, ಚಪ್ಪಲಿ, ಉಗುರು ಕತ್ತರಿಸುವ ನೇಲ್ ಕಟರ್, ಹಲ್ಲುಜ್ಜುವ ಬ್ರಷ್. ಇವುಗಳಲ್ಲಿ ಬಹಳಷ್ಟನ್ನು ಚುನಾವಣಾ ಆಯೋಗದ ನಕ್ಷೆಗಾರರಾಗಿದ್ದ ಎಂ.ಎಸ್. ಸೇಠಿ ಎನ್ನುವವರು ಪೆನ್ಸಿಲಿನಲ್ಲಿ ಬರೆದಿಟ್ಟು 1992ರಲ್ಲಿ ನಿವೃತ್ತರಾದರು. ಅವರ ಬೆಂಡೆಕಾಯಿಯನ್ನು ಕೋಟ್ಯಂತರ ಜನ ನೋಡಿದ್ದಾರೆ. ಅಷ್ಟು ವೀಕ್ಷಕರು ಸಿಕ್ಕ ಚಿತ್ರಕಾರ ಇನ್ನೊಬ್ಬನಿರಲಾರ. ಮೇಷ್ಟ್ರು ಬೆಂಡೆಕಾಯಿಗೆ ಒಪ್ಪಲಿಲ್ಲ. ಕೊನೆಗೆ ಮುಖಪುಟಕ್ಕೆ ಬಂದದ್ದು ಬರೀ ಒಂದು ತೋರುಬೆರಳು, ಉಗುರಿನಿಂದ ಗೆಣ್ಣಿನವರೆಗೆ ಶಾಯಿಯ ಗೆರೆ. ಪ್ರೆಸ್ಸಿನಲ್ಲಿ ಬಣ್ಣ ಸ್ವಲ್ಪ ಏರುಪೇರಾಗಿ, ಬೆರಳು ಬಾಗಿಲ ಸಂದಿಗೆ ಸಿಕ್ಕಿ ಕಂದಿದ ಹಾಗೆ ಕಾಣುತ್ತಿತ್ತು. ಒಟ್ಟು ಪುಸ್ತಕದ ಅಭಿಪ್ರಾಯಕ್ಕೆ ಅದು ಹೊಂದುತ್ತಿತ್ತೆನ್ನಿ.

ಬಿಡುಗಡೆಗೆ 2024ರ ಮಾರ್ಚ್ 17, ಭಾನುವಾರ, ಬೆಳಿಗ್ಗೆ ಹತ್ತೂವರೆ ಎಂದು ಗೊತ್ತಾಯಿತು. ಒಬ್ಬ ಸಚಿವರು ಬರಲು ಒಪ್ಪಿದ್ದರು. ಆಹ್ವಾನ ಪತ್ರಿಕೆಯಲ್ಲಿ ಅವರ ಹೆಸರಿಗೆ ದೊಡ್ಡ ಅಕ್ಷರ, ಲೇಖಕರ ಹೆಸರಿಗೆ ಅದರ ಅರ್ಧ. ಮಾರ್ಚ್ 16ರ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಚುನಾವಣಾ ಆಯೋಗ ದಿಲ್ಲಿಯಲ್ಲಿ ಲೋಕಸಭಾ ಚುನಾವಣೆಯ ದಿನಾಂಕ ಘೋಷಿಸಿತು. ಆ ಗಳಿಗೆಯಿಂದಲೇ ನೀತಿ ಸಂಹಿತೆ. ಸಂಜೆಯೊಳಗೆ ಸಚಿವರ ಕಡೆಯಿಂದ ಫೋನು, ಆಮೇಲೆ ಸಭಾಂಗಣದವರ ಫೋನು: "ಸಾರ್, ಮಾಮೂಲಿ ಕವನ ಸಂಕಲನ ಆಗಿದ್ರೆ ತೊಂದ್ರೆ ಇರ್ಲಿಲ್ಲ. ರಾಜಕೀಯದ ಪುಸ್ತಕ ಅಂದ್ರೆ ನಮಗೆ ಭಯ." ಮೇಷ್ಟ್ರು ನೀತಿ ಸಂಹಿತೆಯ ಬಗ್ಗೆಯೇ ಒಂದು ಅಧ್ಯಾಯ ಬರೆದಿದ್ದರು. ಅದರಲ್ಲಿ ಅದನ್ನು ಬಾಯಿತುಂಬ ಹೊಗಳಿದ್ದರು. ಆ ರಾತ್ರಿ ಹೊಗಳಲಿಲ್ಲ.

ಅತ್ತಿಗೆಯ ಕಡೆಯವರೊಬ್ಬರ ಮೊಮ್ಮಗುವಿಗೆ ಅದೇ ಭಾನುವಾರ ಜಯನಗರದ ಒಂದು ಛತ್ರದಲ್ಲಿ ನಾಮಕರಣವಿತ್ತು. ಊಟದ ಕೊನೆಯ ಪಂಕ್ತಿ ಎದ್ದ ಮೇಲೆ ಅಲ್ಲಿಯೇ ಬಿಡುಗಡೆ ಎಂದು ತೀರ್ಮಾನವಾಯಿತು. ಮೂರು ಗಂಟೆಯ ಹೊತ್ತಿಗೆ ಮೇಷ್ಟ್ರ ಎದುರಿಗೆ ಹೋಳಿಗೆ ಊಟ ಮುಗಿಸಿ ಕಣ್ಣು ಎಳೆಯುತ್ತಿದ್ದ ಸಭೆ. ಮಗುವಿನ ತಾತ ಬಂಗಾರದ ಬಣ್ಣದ ಕಾಗದ ಬಿಚ್ಚಿ ಪುಸ್ತಕ ಎತ್ತಿ ಹಿಡಿದರು. ಮಗುವೂ ಅದೇ ಹೊತ್ತಿಗೆ ಅತ್ತಿತು. ಹೊರಡುವವರಿಗೆ ಕೊಡಲು ತಾಂಬೂಲದ ಚೀಲಗಳು ಸಾಲಾಗಿ ಇದ್ದವು. ಅತ್ತಿಗೆ ನನ್ನ ಹೆಂಡತಿಗೆ ಕಣ್ಣು ಮಾಡಿದರು. ಅರ್ಧ ಗಂಟೆಯಲ್ಲಿ ಪ್ರತಿ ಚೀಲದಲ್ಲೂ ಒಂದು ತೆಂಗಿನಕಾಯಿ, ಎಲೆ ಅಡಿಕೆ, ಒಂದು ಪ್ರಜಾಪ್ರಭುತ್ವ. ನಾನು ಕಂಡ ಹಾಗೆ ಕನ್ನಡದ ಗಂಭೀರ ಪುಸ್ತಕವೊಂದು ಒಂದೇ ದಿನ ಅಷ್ಟು ಮನೆ ಸೇರಿದ್ದು ಅದೊಂದೇ ಸಲ.

ಉಳಿದ ಕಟ್ಟುಗಳನ್ನು ಮೇಷ್ಟ್ರ ಊರಿನ ಕಡೆ ಪ್ರಚಾರಕ್ಕೆಂದು ನನ್ನ ಕಾರಿನ ಡಿಕ್ಕಿಗೆ ತುಂಬಿ ಹೊರಟೆವು. ಮದ್ದೂರಿನ ಹತ್ತಿರ ಚೆಕ್‌ಪೋಸ್ಟ್. ಚುನಾವಣೆ ಕಾಲದಲ್ಲಿ ದಾಖಲೆ ಇಲ್ಲದೆ 50,000 ರೂಪಾಯಿಗಿಂತ ಹೆಚ್ಚು ನಗದು ಒಯ್ಯುವ ಹಾಗಿಲ್ಲ. ಸೀರೆ, ಕುಕ್ಕರ್, ಹೆಂಡ ಏನು ಸಿಕ್ಕರೂ ಜಪ್ತಿ. ಒಬ್ಬ ಸಿಬ್ಬಂದಿ ಡಿಕ್ಕಿ ತೆಗೆಸಿದ. ಕಂದು ಕಾಗದದ ಕಟ್ಟುಗಳನ್ನು ಕಂಡು ಅವನ ಮುಖ ಅರಳಿತು. ಇನ್ನೊಬ್ಬ ವಿಡಿಯೋ ಮಾಡಲು ಶುರು ಮಾಡಿದ. ಕಟ್ಟು ಬಿಚ್ಚಿದರೆ ಬೆರಳು.

"ಏನ್ ಸಾರ್ ಇದು?"

"ಪುಸ್ತಕ. ರಾಜಕೀಯದ್ದು" ಎಂದರು ಮೇಷ್ಟ್ರು, ಎದೆ ಸೆಟೆಸಿ.

"ಹಂಚೋಕಾ, ಮಾರೋಕಾ?"

ಇದು ಕಾನೂನಿನ ಮರ್ಮ ಹೊಕ್ಕ ಪ್ರಶ್ನೆ. ಹಂಚುವುದಕ್ಕೆ ಎಂದರೆ ಆಮಿಷವಾಗಬಹುದು. ಮಾರುವುದಕ್ಕೆ ಎಂದರೆ ಬಿಲ್ಲು ತೋರಿಸಬೇಕು, ಬಿಲ್ಲಿಗೆ ಯಾರಾದರೂ ಕೊಂಡಿರಬೇಕು. ಮೇಷ್ಟ್ರು ಎರಡಕ್ಕೂ ಸಿಗದೆ, ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಂ ಪ್ರಕಾರ ಚುನಾವಣೆಯ ಕರಪತ್ರಗಳಲ್ಲಿ ಮುದ್ರಕರ ಮತ್ತು ಪ್ರಕಾಶಕರ ಹೆಸರು ವಿಳಾಸ ಇರಲೇಬೇಕೆಂದೂ, ಇದು ಕರಪತ್ರ ಅಲ್ಲದಿದ್ದರೂ ಅವೆರಡನ್ನೂ ಒಳಪುಟದಲ್ಲಿ ಕೊಟ್ಟಿರುವುದಾಗಿಯೂ ವಿವರಿಸಲು ತೊಡಗಿದರು. ಅಷ್ಟರಲ್ಲಿ ಅಧಿಕಾರಿಯೇ ಬಂದರು. ನಡು ವಯಸ್ಸಿನವರು, ಬಿಸಿಲಲ್ಲಿ ನಿಂತು ಬೇಸತ್ತವರು. ಒಂದು ಪ್ರತಿ ತೆಗೆದು ಮಧ್ಯದಿಂದ ಅರ್ಧ ಪುಟ ಓದಿದರು. ಹಾಳೆ ತಿರುಗಿಸಿ ಇನ್ನರ್ಧ ಓದಿದರು. ಪುಸ್ತಕ ಮುಚ್ಚಿ, "ಬಿಡ್ರಯ್ಯ, ಹೋಗ್ಲಿ. ಇದರಿಂದ ಯಾರೂ ಪ್ರಭಾವಿತರಾಗಲ್ಲ" ಎಂದರು.

ಮೇಷ್ಟ್ರು ಕಾರು ಹತ್ತಲಿಲ್ಲ. "ಸರಿಯಾಗಿ ಓದಿ ಸಾರ್. ಏಳನೇ ಅಧ್ಯಾಯ ತುಂಬ ಪ್ರಚೋದನಕಾರಿ ಇದೆ" ಎಂದು ಅಂಗಲಾಚಿದರು. ಜಪ್ತಿಯಾದರೆ ನಾಳೆಯ ಪತ್ರಿಕೆ, ಮರುದಿನ ಟೀವಿ ಚರ್ಚೆ, ವಾರದೊಳಗೆ ಎರಡನೆಯ ಮುದ್ರಣ. ಇಷ್ಟೂ ಅವರ ಕಣ್ಣಲ್ಲಿ ಓಡುತ್ತಿದ್ದುದು ನನಗೆ ಕಾಣುತ್ತಿತ್ತು. ಹಿಂದಿದ್ದ ಲಾರಿಯವನು ಹಾರ್ನ್ ಹೊಡೆದ. ಮದ್ದೂರು ಬರುವವರೆಗೂ ಮೇಷ್ಟ್ರು ಮಾತಾಡಲಿಲ್ಲ. ಅಲ್ಲಿ ವಡೆ ತಿನ್ನುವಾಗ, "ಈ ದೇಶದಲ್ಲಿ ವಾಕ್ ಸ್ವಾತಂತ್ರ್ಯ ಜಾಸ್ತಿಯಾಯ್ತು ಕಣ್ರೀ" ಎಂದು ಮಾತ್ರ ಹೇಳಿದರು.

ಇನ್ನು ಪುಸ್ತಕದ ಕೊನೆಯ ಪುಟ. ಅಚ್ಚಿನವರ ಲೆಕ್ಕ ಹದಿನಾರು ಪುಟದ ಫಾರಮ್ಮಿನದು. ಮೇಷ್ಟ್ರ ಚಿಂತನೆ ಎಲ್ಲಿ ಮುಗಿದರೂ ಫಾರಂ ಮುಗಿಯಬೇಕು. ಒಂದು ಪುಟ ಖಾಲಿ ಉಳಿದಿತ್ತು. ಪ್ರಕಾಶಕರು, "ಬಿಳಿ ಬಿಟ್ರೆ ಚೆನ್ನಾಗಿರಲ್ಲ, ಏನಾದ್ರೂ ತುಂಬ್ತೀನಿ" ಎಂದು ಮೇಷ್ಟ್ರನ್ನು ಕೇಳದೆ ಒಂದು ಚೌಕ ಹಾಕಿಬಿಟ್ಟಿದ್ದರು. ನಿಮ್ಮ ವಿಧಾನಸಭಾ ಕ್ಷೇತ್ರ, ಭಾಗ ಸಂಖ್ಯೆ, ಕ್ರಮ ಸಂಖ್ಯೆ, ಮತಗಟ್ಟೆ ಎಲ್ಲಿ ಎಂದು ಬರೆದುಕೊಳ್ಳಲು ನಾಲ್ಕು ಗೆರೆ. ಕೆಳಗೆ, ಹೊಸದಾಗಿ ಹೆಸರು ಸೇರಿಸಲು ನಮೂನೆ 6, ಮನೆ ಬದಲಾಯಿಸಿದ್ದರೆ ಅಥವಾ ತಿದ್ದುಪಡಿಗೆ ನಮೂನೆ 8, ಸಹಾಯವಾಣಿ 1950. ಅಷ್ಟೆ.

ತಾಂಬೂಲದ ಚೀಲ ಹೋದ ಮನೆಗಳಿಂದ ಫೋನು ಬರತೊಡಗಿದವು. ಮೇಷ್ಟ್ರು ಮೊದಲ ಕರೆಗೆ ಕುರ್ಚಿ ಎಳೆದುಕೊಂಡು ಕೂತರು. "ಕೊನೇ ಪುಟ ತುಂಬ ಚೆನ್ನಾಗಿದೆ ಸಾರ್" ಎಂದಿತು ಆ ಕಡೆಯ ದನಿ. ಎರಡನೆಯದೂ ಅದೇ. ಎದುರು ಮನೆಯಾಕೆ ಬಂದು, "ಅಂಕಲ್, ಆ ಹಾಳೆ ಹರ್ಕೊಂಡೆ, ಪರ್ಸಲ್ಲಿ ಇಟ್ಕೊಳಕ್ಕೆ ಸರಿಹೋಯ್ತು. ಮಿಕ್ಕಿದ್ದು ವಾಪಸ್ ಬೇಕಾ?" ಎಂದು ಕೇಳಿದಳು. ಮತ ಯಾಕೆ ಹಾಕಬೇಕೆಂದು ಮೇಷ್ಟ್ರು ಮುನ್ನೂರು ಪುಟ ಬರೆದಿದ್ದರು. ಜನಕ್ಕೆ ಬೇಕಾಗಿದ್ದದ್ದು ಎಲ್ಲಿ ಹಾಕಬೇಕು ಎನ್ನುವುದು.

ಅಲ್ಲಿಂದ ಮುಂದೆ ನಮ್ಮ ಕಾಂಪೌಂಡಿನ ಹೊಂಗೆ ಮರದ ಕೆಳಗೆ ಒಂದು ಮೇಜು, ಎರಡು ಕುರ್ಚಿ, ನನ್ನ ಮಗಳ ಹಳೆಯ ಲ್ಯಾಪ್‌ಟಾಪು. ಯಾರು ಬಂದರೂ ಪಟ್ಟಿಯಲ್ಲಿ ಹೆಸರು ಹುಡುಕಿಕೊಡುವುದು ನನ್ನ ಕೆಲಸ. ಪುಸ್ತಕ ಮುಂದೆ ಚಾಚುವುದು ಮೇಷ್ಟ್ರ ಕೆಲಸ. ಆಗ ಕಂಡದ್ದನ್ನು ಹೇಳುತ್ತೇನೆ. ನಮ್ಮಲ್ಲಿ ಯಂತ್ರದ ಗುಂಡಿ ಒತ್ತುವುದು ಸುಲಭ. ಮತಗಟ್ಟೆ ಎರಡು ಕಿಲೋಮೀಟರಿಗಿಂತ ದೂರ ಇರಬಾರದೆಂಬ ನಿಯಮವಿದೆ. ಗುರುತಿನ ಚೀಟಿ ಮನೆಯಲ್ಲಿ ಮರೆತರೂ ಆಧಾರ್, ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್, ಫೋಟೋ ಇರುವ ಬ್ಯಾಂಕ್ ಪಾಸ್‌ಬುಕ್ ಯಾವುದಾದರೂ ನಡೆಯುತ್ತದೆ. ನಡೆಯದೆ ಇರುವುದು ಪಟ್ಟಿಯಲ್ಲಿ ಹೆಸರಿಲ್ಲದವನ ಆಟ. ಕಾರ್ಡು ಇದೆ ಎಂದರೆ ವೋಟು ಇದೆ ಎಂದುಕೊಂಡವರು ನಮ್ಮ ಬೀದಿಯಲ್ಲೇ ಎಷ್ಟು ಜನ! ರಾಜಾಜಿನಗರದಲ್ಲಿ ಮಾಡಿಸಿದ ಕಾರ್ಡು, ಆಮೇಲೆ ವಿಜಯನಗರದ ಬಾಡಿಗೆ ಮನೆ, ಈಗ ಜಯನಗರ. ಗ್ಯಾಸ್ ಸಂಪರ್ಕ ಬದಲಾಯಿಸಿದ್ದಾರೆ, ನಾಯಿಗೆ ಹೊಸ ಡಾಕ್ಟರನ್ನು ಹುಡುಕಿದ್ದಾರೆ, ವೋಟು ಮಾತ್ರ ರಾಜಾಜಿನಗರದಲ್ಲೇ ಕೂತಿದೆ. ನಾಮಪತ್ರಕ್ಕೆ ಏಪ್ರಿಲ್ 4 ಕೊನೆಯ ದಿನ, ನಮೂನೆ ಅದಕ್ಕೂ ಮೊದಲೇ ಹೋಗಿರಬೇಕು ಎಂದರೆ, "ಎಲೆಕ್ಷನ್ ಇರೋದು 26ಕ್ಕಲ್ವಾ ಸಾರ್?" ಎನ್ನುತ್ತಿದ್ದರು. ರೈಲು ಬರುವ ಹೊತ್ತಿಗೆ ಟಿಕೆಟ್ಟು ಕೊಳ್ಳುವ ಜನ ನಾವು.

ಮೇಷ್ಟ್ರಿಗೆ ಈ ಪಟ್ಟಿಯೆಂಬುದರ ಮೇಲೆ ಬೇರೆಯದೇ ಭಕ್ತಿ. ಮೊದಲ ಮಹಾಚುನಾವಣೆ, 1951-52ರದ್ದು, ಮುಖ್ಯ ಆಯುಕ್ತರು ಸುಕುಮಾರ್ ಸೇನ್. ಉತ್ತರದ ರಾಜ್ಯಗಳಲ್ಲಿ ಹೆಣ್ಣುಮಕ್ಕಳು ತಮ್ಮ ಹೆಸರು ಹೇಳಲು ಒಪ್ಪದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದು ಬರೆಸಿದ್ದರು. ಸೇನರು ಅದಕ್ಕೆ ಬಗ್ಗಲಿಲ್ಲ. ಹೆಸರಿಲ್ಲದ ಸುಮಾರು 28 ಲಕ್ಷ ಮಹಿಳೆಯರನ್ನು ಪಟ್ಟಿಯಿಂದ ತೆಗೆಸಿಹಾಕಿದರು; ಮುಂದಿನ ಚುನಾವಣೆಯ ಹೊತ್ತಿಗೆ ಬಹಳಷ್ಟು ಜನ ಸ್ವಂತ ಹೆಸರಿನಲ್ಲೇ ಬಂದರು. ಪುಸ್ತಕದಲ್ಲಿ ಇದು ನಾಲ್ಕನೆಯ ಅಧ್ಯಾಯ, ನಿಜವಾಗಿ ಚೆನ್ನಾಗಿದೆ. ಆದರೆ ಅಲ್ಲಿಗೆ ತಲುಪಬೇಕಾದರೆ ಗ್ರೀಸ್, ರೋಮ್ ಮತ್ತು ಮೇಷ್ಟ್ರ ಬಾಲ್ಯ ದಾಟಬೇಕು. 1950 ಎಂಬ ಸಹಾಯವಾಣಿಯ ಸಂಖ್ಯೆ ಕೇಳಿದವರಿಗೂ ಅವರು, ಆಯೋಗ ಹುಟ್ಟಿದ್ದು 1950ರ ಜನವರಿ 25, ಗಣರಾಜ್ಯಕ್ಕಿಂತ ಒಂದು ದಿನ ಮುಂಚೆ, ಎಂದು ಶುರು ಮಾಡುತ್ತಿದ್ದರು. ಕೇಳಿದವರು ಗೂಗಲ್ ಮೊರೆ ಹೋಗುತ್ತಿದ್ದರು.

ಸುಲಭ ಮಾಡಿಕೊಡುವುದರಲ್ಲೂ ಒಂದು ತೊಡಕಿದೆ ಎಂದು ಗೊತ್ತಾದದ್ದು ಮೂರನೆಯ ಅಡ್ಡರಸ್ತೆಯ ಅಜ್ಜಿಯಿಂದ. ವಯಸ್ಸು 86. ಆ ಸಲ 85 ದಾಟಿದವರಿಗೆ, ಶೇ. 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಮನೆಯಲ್ಲೇ ಮತದಾನದ ವ್ಯವಸ್ಥೆ ಇತ್ತು. ನಮೂನೆ 12ಡಿ ತುಂಬಿಕೊಟ್ಟರೆ ಅಧಿಕಾರಿಗಳೇ ಮನೆಗೆ ಬಂದು, ಗುಟ್ಟು ಕಾಯಲು ರಟ್ಟಿನ ಮರೆಯಿಟ್ಟು, ಮತ ಪಡೆದು ಹೋಗುತ್ತಾರೆ. ನಾನು ಸಂಭ್ರಮದಿಂದ ಫಾರಂ ತೆಗೆದುಕೊಂಡು ಹೋದೆ. ಅಜ್ಜಿ ಕನ್ನಡಕ ಏರಿಸಿ ನನ್ನನ್ನೇ ನೋಡಿದರು.

"ಮನೇಲಿ ಹಾಕ್ಬಿಟ್ರೆ ಬೂತಿಗೆ ಬಿಡ್ತಾರೇನಪ್ಪಾ?"

"ಇಲ್ಲಮ್ಮ, ಒಂದೇ ಸಲ ಅಲ್ವೆ."

"ಹಾಗಾದ್ರೆ ಬೇಡ. ಶಾರದಮ್ಮ, ಕೆನರಾ ಬ್ಯಾಂಕಿನವರು, ಹಳೇ ಹಾಲಿನ ಬೂತಿನವನು, ಎಲ್ಲಾ ಸಿಗೋದು ಅಲ್ಲೇ. ಯಾರು ಇದ್ದಾರೆ ಯಾರು ಹೋದ್ರು ಅಂತ ಗೊತ್ತಾಗೋದೂ ಅಲ್ಲೇ. ನೀನು ಒಂದು ಆಟೋ ಮಾಡ್ಕೊಡು ಸಾಕು."

ಅವರು ಮೊದಲ ವೋಟು ಹಾಕಿದ್ದು 1962ರಲ್ಲಿ. ಮೈಸೂರಿನ ಬಣ್ಣದ ಕಾರ್ಖಾನೆಯ ಅಳಿಸಲಾಗದ ಶಾಯಿ ದೇಶದ ಮಹಾಚುನಾವಣೆಯಲ್ಲಿ ಬೆರಳಿಗೆ ಬಿದ್ದದ್ದೂ ಅದೇ ಮೊದಲು. ನಾಲ್ವಡಿಯವರ ಕಾಲದಲ್ಲಿ, 1937ರಲ್ಲಿ, ಅರಗಿನ ಕಾರ್ಖಾನೆಯಾಗಿ ಶುರುವಾದದ್ದು ಅದು. ಇವತ್ತು ಎಷ್ಟೋ ಹೊರದೇಶಗಳಿಗೂ ಶಾಯಿ ಕಳಿಸುತ್ತದೆ. ಅಜ್ಜಿಗೆ ಇದಾವುದೂ ಬೇಕಿಲ್ಲ. ಅವರಿಗೆ ಬೇಕಾದದ್ದು ರೇಷ್ಮೆ ಸೀರೆ ಉಡಲು ಒಂದು ನೆಪ.

ಮಹಡಿ ಮನೆಯ ಸಾಫ್ಟ್‌ವೇರ್ ಹುಡುಗನದು ಇದಕ್ಕೆ ತದ್ವಿರುದ್ಧ. "ಮೊಬೈಲಲ್ಲೇ ಹಾಕೋ ಹಾಗೆ ಮಾಡ್ಬೇಕು ಅಂಕಲ್. ಎಸ್ಟೋನಿಯಾದಲ್ಲಿ ಇಂಟರ್ನೆಟ್ ಮತದಾನ 2005ರಿಂದ ಇದೆ." ಎಸ್ಟೋನಿಯಾದ ಒಟ್ಟು ಜನಸಂಖ್ಯೆ ನಮ್ಮ ಬೆಂಗಳೂರಿನ ಒಂದೆರಡು ಮೂಲೆಯಲ್ಲಿ ಹಿಡಿಯುತ್ತದೆ ಎಂದು ಮೇಷ್ಟ್ರು ಹೇಳಿ, ಆಸ್ಟ್ರೇಲಿಯಾವನ್ನು ಮುಂದಿಟ್ಟರು. ಅಲ್ಲಿ 1924ರಿಂದ ಮತದಾನ ಕಡ್ಡಾಯ, ತಪ್ಪಿಸಿದರೆ ದಂಡ, ಮತಗಟ್ಟೆಯ ಅಂಗಳದಲ್ಲಿ ಬಿಸಿ ಸಾಸೇಜಿನ ಅಂಗಡಿ. ನಮ್ಮಲ್ಲಿ ದಂಡ ಇಲ್ಲ, ಆದರೆ ಶಾಯಿಯ ಬೆರಳು ತೋರಿಸಿದರೆ ಪುಕ್ಕಟೆ ದೋಸೆ ಕೊಡುವ ಹೋಟೆಲುಗಳು ಬೆಂಗಳೂರಿನಲ್ಲಿವೆ. ಹುಡುಗ ಎಲ್ಲವನ್ನೂ ಒಪ್ಪಿದ. ಏಪ್ರಿಲ್ 26 ಶುಕ್ರವಾರ ಬಂದಿತ್ತು. ಗುರುವಾರ ರಾತ್ರಿ ಅವನ ಕಾರು ಮಡಿಕೇರಿಯ ಕಡೆ ಹೊರಟಿತು.

ಅದೇ ಗುರುವಾರ ಮೇಷ್ಟ್ರ ಮನೆಯಲ್ಲಿ ಇನ್ನೊಂದು ಪ್ರಕರಣ. ಅವರ ಮನೆಗೆ ಅಡುಗೆಗೆ ಬರುವಾಕೆ ನಾಗಮಂಗಲದ ಕಡೆಯವಳು. ವೋಟು ಊರಲ್ಲಿದೆ. "ಅಮ್ಮಾ, ನಾಳೆ ರಜ. ಸಂಬಳ ಮುರ್ಕಳಂಗಿಲ್ಲ" ಎಂದಳಂತೆ. ಅತ್ತಿಗೆ, "ಯಾವ ಊರ ನ್ಯಾಯ ಅದು?" ಎಂದರು. ಆಕೆ ಸೆರಗಿನಿಂದ ಕೈ ಒರೆಸಿಕೊಂಡು ಚೀಲದಿಂದ ಮೇಷ್ಟ್ರ ಪುಸ್ತಕ ತೆಗೆದಳು. ನಾಮಕರಣದ ಅಡುಗೆಗೂ ಆಕೆಯೇ ಹೋಗಿದ್ದಳು. ತಾಂಬೂಲದ ಚೀಲ ಆಕೆಗೂ ಸಿಕ್ಕಿತ್ತು. ಪಿಯುಸಿ ಓದುವ ಮಗಳು ಪೂರ್ತಿ ಓದಿ, ಬೇಕಾದ ಕಡೆ ಅಡಿಗೆರೆ ಹಾಕಿಕೊಟ್ಟಿದ್ದಳು. ಕಲಂ 135ಬಿ: ವ್ಯಾಪಾರ, ಉದ್ದಿಮೆ ಅಥವಾ ಇತರ ಯಾವುದೇ ಸಂಸ್ಥೆಯಲ್ಲಿ ದುಡಿಯುವ ಮತದಾರನಿಗೆ ಮತದಾನದ ದಿನ ಸಂಬಳ ಸಹಿತ ರಜೆ, ದಿನಗೂಲಿಯವರಿಗೂ ಸೇರಿ.

ಆ ಪುಟದ ಕರಡು ತಿದ್ದಿದವರೇ ಅತ್ತಿಗೆ. "ನಮ್ಮ ಮನೆ ಏನು ಉದ್ದಿಮೆನಾ?" ಎಂದು ಗಂಡನ ಕಡೆ ತಿರುಗಿದರು. ಮೇಷ್ಟ್ರು ಪೇಪರಿನ ಹಿಂದೆ ಇದ್ದರು. ಕಾನೂನಿನ ಅಕ್ಷರ ಅತ್ತಿಗೆಯ ಕಡೆ ವಾಲುತ್ತಿತ್ತು, ಪುಸ್ತಕದ ವಾದ ಅಡುಗೆಯಾಕೆಯ ಕಡೆ. "ಅದು ವ್ಯಾಖ್ಯಾನಕ್ಕೆ ಬಿಟ್ಟ ವಿಷಯ" ಎಂದು ಪೇಪರಿನ ಹಿಂದಿನಿಂದಲೇ ತೀರ್ಪು ಬಂತು. "ಅದೆಲ್ಲ ನಂಗೊತ್ತಿಲ್ಲ ಸಾ, ಬರ್ದಿರೋದು ನೀವೇ ತಾನೆ" ಎಂದಳು ಆಕೆ. ಸಂಬಳ ಮುರಿಯಲಿಲ್ಲ. ಚೆಕ್‌ಪೋಸ್ಟಿನ ಅಧಿಕಾರಿ ಈ ಸಂದರ್ಭದಲ್ಲಿ ಹಾಜರಿದ್ದರೆ ಪುಸ್ತಕ ಖಂಡಿತ ಜಪ್ತಿಯಾಗುತ್ತಿತ್ತು.

ಮಧ್ಯಾಹ್ನ ನಾನೇ ಆಕೆಯನ್ನು ಮೈಸೂರು ರಸ್ತೆಯ ಬಸ್ ನಿಲ್ದಾಣಕ್ಕೆ ಬಿಟ್ಟೆ. ಅಲ್ಲಿ ಹೆಂಗಸರೇ ಹೆಂಗಸರು. ಶಕ್ತಿ ಯೋಜನೆಯ ಟಿಕೆಟ್ಟಿಗೆ ಕಾಸಿಲ್ಲ, ಆದರೆ ಸೀಟೂ ಇಲ್ಲ. ಮಕ್ಕಳನ್ನು ಕಿಟಕಿಯಿಂದ ತೂರಿಸುತ್ತಿದ್ದರು. ಒಂದು ವೋಟಿಗಾಗಿ ಇಷ್ಟು ನೂಕುನುಗ್ಗಲಿನಲ್ಲಿ ಹೋಗಬೇಕೇ ಎಂದೆ. "ಹೋಗ್ದೆ ಇದ್ರೆ ಊರೋರು ಏನಂತಾರೆ? ಸತ್ಲಾ ಅಂತ ಕೇಳ್ತಾರೆ" ಎಂದು ಬಸ್ಸಿನೊಳಗೆ ನುಗ್ಗಿದಳು.

ಮಾರನೆಯ ದಿನ ನಮ್ಮ ಮತಗಟ್ಟೆಯಲ್ಲಿ ಗಾಲಿಕುರ್ಚಿ ಇತ್ತು, ಇಳಿಜಾರು ಇತ್ತು, ಶಾಮಿಯಾನ, ಕುಡಿಯುವ ನೀರು ಎಲ್ಲ ಇತ್ತು. ಸಾಲು ಇರಲಿಲ್ಲ. ಅಜ್ಜಿ ನೇರಳೆ ರೇಷ್ಮೆಯಲ್ಲಿ ಆಟೋ ಇಳಿದು, ಗಾಲಿಕುರ್ಚಿ ನಿರಾಕರಿಸಿ, ಶಾರದಮ್ಮನವರನ್ನು ಕಂಡು ಮೆಟ್ಟಿಲ ಮೇಲೇ ಅರ್ಧ ಗಂಟೆ ನಿಂತರು. ಬೆಂಗಳೂರು ದಕ್ಷಿಣದಲ್ಲಿ ಮತದಾನ ಶೇ. 53ರ ಆಸುಪಾಸಿಗೆ ನಿಂತಿತು. ಮಂಡ್ಯದಲ್ಲಿ ಶೇ. 81 ದಾಟಿತು. ಪಟ್ಟಿಯಲ್ಲಿ ಹೆಸರಿದ್ದು, ಬೂತು ಕೂಗಳತೆಯಲ್ಲಿದ್ದೂ ಬಾರದವರಿಗೆ ಇನ್ನೇನನ್ನು ಸುಲಭ ಮಾಡಿಕೊಡುವುದೆಂದು ನನಗೆ ತೋಚಲಿಲ್ಲ. ಮಡಿಕೇರಿಯಲ್ಲೊಂದು ಬೂತು ಮಾಡಬಹುದಿತ್ತು. ಮಹಡಿಯ ಹುಡುಗ ಭಾನುವಾರ ರಾತ್ರಿ ಬಂದು, ಹೋಮ್‌ಸ್ಟೇಯ ಜೇನುತುಪ್ಪ ಕೊಟ್ಟು, ಈ ದೇಶ ಉದ್ಧಾರವಾಗುವುದಿಲ್ಲ ಎಂದು ಹೇಳಿ ಮೇಲೆ ಹೋದ.

ಪ್ರಕಾಶಕರು ಕೊನೆಯ ಪುಟವನ್ನು ಮಾತ್ರ ಬೇರೆಯಾಗಿ ಅಚ್ಚು ಹಾಕಿ, ಒಂದಕ್ಕೆ ಎರಡು ರೂಪಾಯಿಯಂತೆ ಮಾರಿದರೆ ಹೇಗೆ ಎಂದು ಕೇಳಿದರು. ಮೇಷ್ಟ್ರು ಉತ್ತರ ಕೊಡಲಿಲ್ಲ. ದಸರೆಯ ಹೊತ್ತಿಗೆ ಹೊಸ ಹಸ್ತಪ್ರತಿ ಹಿಡಿದುಕೊಂಡು ಬಂದು, ಮಂಚದ ಕೆಳಗೆ ಬಗ್ಗಿ ಜಾಗ ನೋಡಿದರು. ಈ ಸಲದ ವಿಷಯ ಬೆಂಗಳೂರು ಮಹಾನಗರ ಪಾಲಿಕೆಯ ಚುನಾವಣೆ.

"ಬಿಡುಗಡೆ ದಿನ ಮತ್ತೆ ನೀತಿ ಸಂಹಿತೆ ಬಂದ್ರೆ?" ಎಂದೆ.

"ಅದನ್ನ ಯೋಚ್ನೆ ಮಾಡಿಯೇ ಈ ವಿಷಯ ಆರಿಸಿಕೊಂಡಿರೋದು" ಎಂದರು ಮೇಷ್ಟ್ರು. "ಪಾಲಿಕೆಗೆ ಎಲೆಕ್ಷನ್ ಆಗಿದ್ದು 2015ರ ಆಗಸ್ಟ್‌ನಲ್ಲಿ. ಸದಸ್ಯರ ಅವಧಿ ಮುಗಿದದ್ದು 2020ರಲ್ಲಿ. ಸಚಿವರಿಗೆ ಯಾವ ಭಾನುವಾರ ಅನುಕೂಲ ಕೇಳಿ, ನಮಗೇನೂ ಅವಸರ ಇಲ್ಲ."